ಬಿಸು ಕಳೆಯಲಿ

ಪಂಕಜಾಕ್ಷಿಯ ಆಪರೇಷನ್ನಿಗೆ ದಿನವೇ ಕೂಡಿಬರಲಿಲ್ಲ. ಡಾಕ್ಟರು ಸಿಗಲಿಲ್ಲವೆಂದಲ್ಲ, ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲವೆಂದಲ್ಲ, ಮನೆಯಲ್ಲಿ ದುಡ್ಡಿರಲಿಲ್ಲವೆಂದೂ ಅಲ್ಲ. ಹಬ್ಬಗಳು ಅಡ್ಡ ಬಂದವು. ಒಂದು ಕಳೆಯಿತು ಎನ್ನುವಾಗ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ಬದಿಯಡ್ಕ ಪೇಟೆಯಿಂದ ಜೀಪಿನಲ್ಲಿ ಸ್ವಲ್ಪ ಒಳಗೆ ಹೋದರೆ ಸಿಗುವ ಆ ಮನೆಯಲ್ಲಿ ಹಬ್ಬವೆಂದರೆ ಚೆನ್ನಯ್ಯನಿಗೆ ಮಾತು, ಅವನ ಹೆಂಡತಿ ಪಂಕಜಾಕ್ಷಿಗೆ ಕೆಲಸ. ಚೆನ್ನಯ್ಯ ಪ್ರಾಯವಿದ್ದಷ್ಟು ಕಾಲ ಕಾಸರಗೋಡು-ಪುತ್ತೂರು ಬಸ್ಸು ಓಡಿಸಿದವನು. ಆಗೆಲ್ಲ ಹಬ್ಬದ ದಿನವೂ ಮನೆಯಲ್ಲಿ ಕಾಣಸಿಗದಿದ್ದ ಮನುಷ್ಯ, ಅಣ್ಣ ತೀರಿಕೊಂಡು ಕುಟುಂಬದ ಮೂಲವಾದ ತರವಾಡು ಮನೆಯ ಯಜಮಾನಿಕೆ ತನ್ನ ಹೆಗಲಿಗೆ ಬಂದದ್ದೇ ತಡ, ಆಟಿ ಅಮಾವಾಸ್ಯೆಯ ಕಷಾಯದಿಂದ ದೀಪಾವಳಿಯ ಬಲೀಂದ್ರನವರೆಗೆ ಒಂದನ್ನೂ ಬಿಡಬಾರದೆಂದು ಪಟ್ಟು ಹಿಡಿದ. ಹಿರಿಯರು ಸುಮ್ಮನೆ ಮಾಡಿಟ್ಟದ್ದಲ್ಲ, ಪ್ರತಿಯೊಂದಕ್ಕೂ ಅರ್ಥ ಉಂಟು ಎಂದು ಜಗಲಿಯಲ್ಲಿ ಕೂತು ಮೊಮ್ಮಗಳು ತೃಷಾಳಿಗೆ ವಿವರಿಸುತ್ತಿದ್ದ. ಹೇಳುತ್ತಿದ್ದದ್ದು ಚೆನ್ನಾಗಿಯೇ ಇರುತ್ತಿತ್ತು. ಅವನು ಅರ್ಥ ಹೇಳುವ ಹೊತ್ತಿಗೆ ಒಳಗೆ ಪಂಕಜಾಕ್ಷಿ ಅಕ್ಕಿ ನೆನೆಹಾಕಿ, ಕಾಯಿ ತುರಿದು, ಹುಣಸೆಹುಳಿ ಹಚ್ಚಿ ಕಾಲ್ದೀಪ ಉಜ್ಜುತ್ತಿರುತ್ತಿದ್ದಳು. ಮಗ ಸುಜನ್‌ಗೆ ಪೇಟೆಯಲ್ಲಿ ಅಲ್ಯೂಮಿನಿಯಂ ಬಾಗಿಲು ಕಿಟಕಿಗಳ ಅಂಗಡಿ. ಹಬ್ಬಕ್ಕೆ ಅವನ ಕೊಡುಗೆಯೆಂದರೆ ಎಲೆ ಹಾಕುವ ಹೊತ್ತಿಗೆ ತಪ್ಪದೆ ಬಂದು ಕೂರುವುದು.

ಕಾಯಿಲೆಯನ್ನು ಕಂಡುಹಿಡಿದದ್ದು ಸೊಸೆ ಅಶ್ಮಿತಾ. ಅವಳು ಕಾಸರಗೋಡಿನ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಹೋಗುವವಳು, ಕಾಯಿಲೆಯ ಮುಖ ಅವಳಿಗೆ ಗೊತ್ತು. ಅತ್ತೆ ನೀರಿನ ಕೊಡ ಎತ್ತಿದ ಮೇಲೆ ಗೋಡೆ ಹಿಡಿದು ಕಣ್ಣುಮುಚ್ಚಿ ನಿಲ್ಲುವುದನ್ನು, ನೆಲದಲ್ಲಿ ಕೂರಲಾರದೆ ಸ್ಟೂಲು ಎಳೆದುಕೊಳ್ಳುವುದನ್ನು ಕೆಲವು ದಿನ ನೋಡಿದಳು. ಕೇಳಿದರೆ ಸೊಂಟ ನೋವು ಎಂಬ ಉತ್ತರ. ಒಂದು ದಿನ ಬಚ್ಚಲಿನ ಬಾಗಿಲಲ್ಲಿ ಅಡ್ಡ ನಿಂತು, ಹೇಳದೆ ಬಿಡುವುದಿಲ್ಲ ಎಂದಳು. ಗರ್ಭಕೋಶ ಜಾರಿ ಹೊರಗೆ ಬರುತ್ತಿತ್ತು. ನಾಲ್ಕೈದು ವರ್ಷದಿಂದ ಬಟ್ಟೆ ಕಟ್ಟಿಕೊಂಡು, ಯಾರಿಗೂ ತಿಳಿಯದ ಹಾಗೆ ಅವಳು ಅದನ್ನು ಹೊತ್ತು ತಿರುಗಿದ್ದಳು. ಗಂಡನಿಗೂ ಹೇಳಿರಲಿಲ್ಲ.

ಮಂಗಳೂರಿನ ಡಾಕ್ಟರಮ್ಮ ನೋಡಿ, ತೆಗೆಯದೆ ಬೇರೆ ದಾರಿ ಇಲ್ಲ ಎಂದರು. ಹೀಗೇ ಬಿಟ್ಟರೆ ಮೂತ್ರ ಕಟ್ಟುತ್ತದೆ, ಕಿಡ್ನಿಗೆ ತೊಂದರೆಯಾಗುತ್ತದೆ. ತೆಗೆದ ಮೇಲೆ ಮೂರು ತಿಂಗಳು ಒಂದು ತಂಬಿಗೆ ನೀರು ಕೂಡ ಎತ್ತುವ ಹಾಗಿಲ್ಲ. ಅವರು ಕೊಟ್ಟ ದಿನ ಫೆಬ್ರವರಿ ಎರಡನೇ ವಾರದಲ್ಲಿತ್ತು. ಅದನ್ನು ಅಶ್ಮಿತಾ ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. ಕುಚ್ಚಿಲಕ್ಕಿ ಅನ್ನಕ್ಕೆ ಬಂಗುಡೆ ಸಾರು ಸುರಿದುಕೊಂಡಿದ್ದ ಚೆನ್ನಯ್ಯನ ಕೈ ನಿಂತಿತು.

"ಅದು ನಡು ಕೆಡ್ಡಸ ಅಲ್ವಾ?" ಎಂದ.

"ಡಾಕ್ಟ್ರಿಗೆ ಕೆಡ್ಡಸ ಉಂಟಾ ಮಾವ? ಅವರಿಗೆ ಆ ದಿವಸ ಬಿಡುವುಂಟು."

"ಕೆಡ್ಡಸ ಅಂದ್ರೆ ಎಂತ ಅಂತ ಗೊತ್ತುಂಟಾ ನಿನಗೆ? ಭೂಮಿತಾಯಿ ಮುಟ್ಟಾಗುವ ದಿವಸ. ಹಾರೆ ಹಾಕ್ಲಿಕ್ಕಿಲ್ಲ, ಕತ್ತಿ ತಾಗಿಸ್ಲಿಕ್ಕಿಲ್ಲ, ಒಂದು ಹಸಿ ಎಲೆ ಕೊಯ್ಲಿಕ್ಕಿಲ್ಲ. ಮಣ್ಣಿಗೇ ಕತ್ತಿ ಇಡದ ದಿವಸ ಹೆಂಗಸಿನ ಮೈಗೆ ಇಡುವುದಾ?"

"ಭೂಮಿಗೆ ಮೂರು ದಿವಸ ರಜೆ ಕೊಡ್ತೀರಿ. ಅತ್ತೆಗೆ ಇಷ್ಟು ವರ್ಷದಲ್ಲಿ ಎಷ್ಟು ಕೊಟ್ಟಿದ್ದೀರಿ ಹೇಳಿ."

ಒಂದು ವಾರ ಆಚೆಗೆ ಹಾಕಿದರೆ ಆಗದಾ ಎಂದು ಸುಜನ್ ಬಾಯಿ ಹಾಕಲು ನೋಡಿದ. ಹೆಂಡತಿ ಅವನ ಕಡೆ ಒಮ್ಮೆ ತಿರುಗಿದಳು, ಅವನು ಮೀನಿನ ಮುಳ್ಳು ಬಿಡಿಸುವುದರಲ್ಲಿ ಮಗ್ನನಾದ. ಚೆನ್ನಯ್ಯ ಅನ್ನ ಅರ್ಧಕ್ಕೆ ಬಿಟ್ಟು ಕೈತೊಳೆಯಲು ಎದ್ದ. ಯಾರ ಮೈಯ ಮಾತು ನಡೆಯುತ್ತಿತ್ತೋ ಅವಳು ಎದ್ದು, ಅವನು ಬಿಟ್ಟ ಅನ್ನವನ್ನು ನಾಯಿಯ ತಟ್ಟೆಗೆ ಹಾಕಿದಳು.

ಮೂರು ದಿನ ಮನೆಯಲ್ಲಿ ಇದೇ ಜಗಳ. ಅಶ್ಮಿತಾ ಬೆಳಿಗ್ಗೆ ಬಸ್ಸಿಗೆ ಓಡುವ ಮೊದಲು ಒಂದು ಸುತ್ತು, ಸಂಜೆ ಬಂದು ಬ್ಯಾಗು ಇಡುವ ಮೊದಲು ಇನ್ನೊಂದು ಸುತ್ತು. ಕೊನೆಗೆ ಚೆನ್ನಯ್ಯನೇ ಸೋತ. "ನಿಮ್ಮ ಇಷ್ಟ. ನಾನು ದೈವಕ್ಕೆ ತಪ್ಪು ಕಾಣಿಕೆ ಇಡ್ತೇನೆ," ಎಂದು ಹೇಳಿ, ಒಂದು ನಾಣ್ಯ ತೆಗೆದು ದೇವರ ಕೋಣೆಯಲ್ಲಿಟ್ಟು ಬಂದ. ಜಗಳ ಮುಗಿಯಿತೆಂದು ಎಲ್ಲರೂ ಉಸಿರು ಬಿಟ್ಟರು. ಅದರ ಮಾರನೆಯ ಸಂಜೆ ಪಂಕಜಾಕ್ಷಿ ಚಹಾ ಕೊಡುತ್ತಾ, ಆಸ್ಪತ್ರೆಯಿಂದ ಫೋನು ಬಂದಿತ್ತು ಎಂದಳು. ಡಾಕ್ಟರಮ್ಮನಿಗೆ ಆ ವಾರ ರಜೆಯಂತೆ. ಮಾರ್ಚಿಗೆ ಹಾಕಿದ್ದಾರಂತೆ.

ಆಸ್ಪತ್ರೆಯಲ್ಲಿ ಕೊಟ್ಟಿದ್ದದ್ದು ಪಂಕಜಾಕ್ಷಿಯದೇ ನಂಬರು. ಆದರೂ ಅಶ್ಮಿತಾ ನೇರ ಮಾವನ ಮುಖ ನೋಡಿದಳು.

"ನಾನು ಫೋನ್ ಮಾಡ್ಲಿಲ್ಲ," ಎಂದ ಚೆನ್ನಯ್ಯ.

"ನೀವು ಮಾಡಿದ್ದು ಅಂತ ಯಾರು ಹೇಳಿದ್ದು ಮಾವ?"

ಅಂದಿನಿಂದ ಅವಳು ಮಾವನೊಡನೆ ಮಾತು ಬಿಟ್ಟಳು. ಬಡಿಸುವುದನ್ನು ಬಿಡಲಿಲ್ಲ, ಆದರೆ ಉಪ್ಪಿನಕಾಯಿಯ ಜಾಡಿ ಅವನ ಬಟ್ಟಲಿನ ಹತ್ತಿರ ಬರುವುದು ನಿಂತಿತು. ಕೇಳಿದರೆ ಕೊಡುತ್ತಿದ್ದಳೋ ಏನೋ, ಅವನೂ ಕೇಳಲಿಲ್ಲ. ಹಠದಲ್ಲಿ ಆ ಮನೆಯವರು ಯಾರೂ ಯಾರಿಗೂ ಕಡಿಮೆ ಇರಲಿಲ್ಲ.

ಕೆಡ್ಡಸ ಬಂತು. ಪಂಕಜಾಕ್ಷಿ ಸ್ಟೂಲಿನಲ್ಲಿ ಕೂತು ಬಾಣಲೆ ತುಂಬ ಅಕ್ಕಿ ಹುರಿದಳು, ಪುಡಿ ಮಾಡಿ ಬೆಲ್ಲ ಕಾಯಿ ಕಲಸಿ ನನ್ನೆರಿ ಮಾಡಿದಳು, ನುಗ್ಗೆ ಬದನೆ ಪದಾರ್ಥ ಮಾಡಿದಳು. ಕಡೆಯ ದಿನ ಬೆಳಿಗ್ಗೆ ಮಿಂದು, ತುಳಸಿಕಟ್ಟೆಯ ಹತ್ತಿರ ನೆಲ ಸಾರಿಸಿ, ಭೂಮಿಗೆ ಮೀಯಲೆಂದು ಎಣ್ಣೆ, ಸೀಗೆ, ಅರಸಿನ, ಬಾಚಣಿಗೆ, ಕನ್ನಡಿ ಇಟ್ಟಳು. ಇದು ಹೆಂಗಸರೇ ಮಾಡಬೇಕಾದ ಕೆಲಸ. ಬಗ್ಗಿ ಎಣ್ಣೆ ಬಿಟ್ಟವಳಿಗೆ ಮೇಲೇಳುವುದು ಕಷ್ಟವಾಯಿತು. ಕಟ್ಟೆ ಹಿಡಿದು ಸ್ವಲ್ಪ ಹೊತ್ತು ಹಾಗೆಯೇ ಬಗ್ಗಿ ನಿಂತಿದ್ದಳು. ಜಗಲಿಯಿಂದ ನೋಡುತ್ತಿದ್ದ ಚೆನ್ನಯ್ಯ, ಹೆಂಡತಿಗೆ ಎಂಥ ಭಕ್ತಿ ಎಂದುಕೊಂಡ.

ಮಾರ್ಚಿನ ದಿನ ಹತ್ತಿರ ಬಂದಾಗ ಅಡೂರು ಕಡೆಯ ತರವಾಡು ಮನೆಯ ದೈವದ ಕೋಲ ಎದುರಿಗೆ ಬಂದು ನಿಂತಿತು. ಕುಟುಂಬದವರೆಲ್ಲ ಸೇರುವ, ವರ್ಷಕ್ಕೊಮ್ಮೆ ದೈವ ಕುಟುಂಬದವರ ಕಷ್ಟಸುಖ ಕೇಳುವ ದಿನ. ಈ ಬಾರಿ ಚೆನ್ನಯ್ಯ ಅಡ್ಡ ಮಾತಾಡಲಿಲ್ಲ. ತಾನಾಗಿಯೇ ಸುಜನ್ ಹತ್ತಿರ, "ನಿನ್ನ ಹೆಂಡತಿಗೆ ಹೇಳು, ಕೋಲ ನಾವು ಹೇಗೂ ಸುಧಾರಿಸ್ತೇವೆ, ಅಮ್ಮನನ್ನು ಕರ್ಕೊಂಡು ಹೋಗಿ," ಎಂದ. ಎರಡು ದಿನ ಕಳೆಯಿತು. ಪುನಃ ಆಸ್ಪತ್ರೆಯ ಫೋನು. ಡಾಕ್ಟರಮ್ಮ ಎಂಥದೋ ಮೀಟಿಂಗಿಗೆ ದೆಹಲಿಗೆ ಹೋಗುತ್ತಾರಂತೆ.

ಅಶ್ಮಿತಾ ಅವತ್ತು ಅನ್ನವನ್ನೂ ಬಡಿಸಲಿಲ್ಲ. ಪಾತ್ರೆಯನ್ನು ಮಾವನ ಮುಂದೆ ಇಟ್ಟು ಹೊರಗೆ ಹೋಗಿ ಬಟ್ಟೆ ಒಣಹಾಕಿದಳು. ಚೆನ್ನಯ್ಯ ಹೆಂಡತಿಯ ಕಡೆ ನೋಡಿದ, ನೀನಾದರೂ ಹೇಳು ಎನ್ನುವ ಹಾಗೆ. ಪಂಕಜಾಕ್ಷಿ ಮಜ್ಜಿಗೆಯ ಮೆಣಸು ಕರಿಯುತ್ತಿದ್ದಳು, ತಲೆ ಎತ್ತಲಿಲ್ಲ.

ಕೋಲಕ್ಕೆ ಬಂದವರು ಎಷ್ಟು ಜನವೋ, ಕೋಳಿ ಸಾರಿಗೆ ಮಸಾಲೆ ಅರೆದದ್ದು ಎಷ್ಟು ಸಲವೋ. ಹಿರಿಯ ಹೆಂಗಸು ಎಂದು ಎಲ್ಲರೂ ಅವಳನ್ನೇ ಕೇಳುವುದು. ದೈವಕ್ಕೆ ಹೊದ್ಲು ಎಲ್ಲಿ, ಬೊಂಡ ಯಾರು ಕೆತ್ತುವುದು, ಅಡ್ಕದ ನೆಂಟರಿಗೆ ಎಲೆ ಹಾಕಿದ್ದಾರಾ. ಕೇಳಿದವರಿಗೆಲ್ಲ ಉತ್ತರ ಕೊಡುತ್ತಾ ಆಕೆ ಎರಡು ದಿನ ಕಾಲಮೇಲೆಯೇ ಇದ್ದಳು. ದೈವ ಎಲ್ಲರನ್ನೂ ಹರಸಿ, ಹೆಣ್ಣುಮಕ್ಕಳ ಕಣ್ಣಲ್ಲಿ ನೀರು ಬರಲು ಬಿಡುವುದಿಲ್ಲ ಎಂದು ಅಭಯ ಕೊಟ್ಟಾಗ ಅವಳು ಅಡಿಗೆಮನೆಯ ಹಿಂದೆ ಪಾತ್ರೆ ಎಣಿಸುತ್ತಿದ್ದಳು, ಕೇಳಿಸಲಿಲ್ಲ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಅವಳಿಗೆ ಮೂತ್ರ ಹೋಗಲಿಲ್ಲ. ಮಧ್ಯಾಹ್ನದವರೆಗೆ ಯಾರಿಗೂ ಹೇಳಲಿಲ್ಲ. ನೋವು ತಡೆಯಲಾರದೆ ಹಿಂಬದಿಯ ಮೆಟ್ಟಿಲಲ್ಲಿ ಕುಸಿದು ಕೂತವಳನ್ನು ಸುಜನ್ ಪಿಕಪ್ಪಿನಲ್ಲಿ ಹಾಕಿಕೊಂಡು ಕಾಸರಗೋಡಿಗೆ ಓಡಿದ. ಅಲ್ಲಿ ಟ್ಯೂಬು ಹಾಕಿ ನೀರು ತೆಗೆದರು. ಇನ್ನು ಒಂದು ತಿಂಗಳು ಕೂಡ ತಡ ಮಾಡಬೇಡಿ ಎಂದರು. ಅಶ್ಮಿತಾ ಆಸ್ಪತ್ರೆಯ ವರಾಂಡದಲ್ಲಿ ನಿಂತು ಮಂಗಳೂರಿಗೆ ಫೋನು ಮಾಡಿದಳು. ಡಾಕ್ಟರು ಎರಡೆರಡು ಸಲ ದಿನ ಬದಲು ಮಾಡಿದರೆ ಪೇಷಂಟಿನ ಗತಿ ಏನು ಎಂದು ಜೋರು ಮಾಡಿದಳು. ಆ ಕಡೆಯ ಹುಡುಗಿ ತಾಳ್ಮೆಯಿಂದ ಕೇಳಿ, ಕಂಪ್ಯೂಟರು ನೋಡಿ ಹೇಳಿದಳು.

"ನಾವು ಬದಲು ಮಾಡ್ಲಿಲ್ಲ ಮೇಡಂ. ಎರಡು ಸಲವೂ ಪೇಷಂಟೇ ಫೋನ್ ಮಾಡಿ ಬೇಡ ಅಂದಿದ್ದಾರೆ. ಮನೆಯಲ್ಲಿ ಹಬ್ಬ ಉಂಟಂತೆ."

ಟ್ಯೂಬಿನೊಂದಿಗೇ ಮನೆಗೆ ಕಳಿಸಿದ್ದರು. ಮಂಚದ ಕಾಲಿಗೆ ಮೂತ್ರದ ಚೀಲ ತೂಗುಹಾಕಿಕೊಂಡು, ಅದರ ಮೇಲೆ ಒಂದು ಟವಲು ಮುಚ್ಚಿ ಪಂಕಜಾಕ್ಷಿ ಮಲಗಿದ್ದಳು. ನಾಚಿಕೆಯಿಂದ ಯಾರನ್ನೂ ನೋಡುತ್ತಿರಲಿಲ್ಲ. ಅಶ್ಮಿತಾ ಗಂಜಿ ತಂದಿಟ್ಟು ಮಂಚದ ತುದಿಯಲ್ಲಿ ಕೂತಳು. ಬಾಗಿಲಲ್ಲಿ ಚೆನ್ನಯ್ಯ ನಿಂತಿದ್ದ, ಅವನ ಹಿಂದೆ ಸುಜನ್. ಮಂಗಳೂರಿನವರು ಹೊಸ ದಿನ ಕೊಟ್ಟಿದ್ದಾರೆ, ಹೊಸ ವರ್ಷದ ಬಿಸು ಹಬ್ಬಕ್ಕೆ ಒಂದು ವಾರ ಮೊದಲು ಎಂದು ಅಶ್ಮಿತಾ ಹೇಳಿದಳು.

"ಬಿಸು ಕಳೀಲಿ," ಎಂದಳು ಪಂಕಜಾಕ್ಷಿ ಗೋಡೆಯ ಕಡೆ ತಿರುಗಿ.

"ಈ ಸಲವೂ ನೀವೇ ಫೋನ್ ಮಾಡ್ತೀರಾ ಅತ್ತೆ, ಇಲ್ಲ ನಾನು ಮಾಡ್ಲಾ?"

ಚೆನ್ನಯ್ಯನಿಗೆ ವಿಷಯ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಹೋದ ಮೇಲೆ ಅವನು ಹೊಸ್ತಿಲಲ್ಲೇ ಕೂತುಬಿಟ್ಟ. ತಾನು ಮಾಡದ ತಪ್ಪಿಗೆ ಇಷ್ಟು ದಿನ ಸೊಸೆಯ ಮೋರೆ ನೋಡಿ ಸಪ್ಪೆ ಅನ್ನ ಉಂಡದ್ದಾ ಎಂದು ಹೆಂಡತಿಯನ್ನು ಕೇಳಿದ. ಗೊತ್ತಿದ್ದೂ ನೀನು ಬಾಯಿಬಿಡಲಿಲ್ಲವಲ್ಲ ಎಂದ. ಅವನ ಸ್ವರದಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು. ಅಶ್ಮಿತಾ ತಲೆ ತಗ್ಗಿಸಿ ಕೂತಿದ್ದಳು. ಮಾವನಲ್ಲಿ ತಪ್ಪಾಯಿತು ಎನ್ನಬೇಕೆಂದು ಅನ್ನಿಸಿತು, ಬಾಯಿ ಬರಲಿಲ್ಲ.

"ಎಂತಕ್ಕೆ ಅತ್ತೆ?" ಎಂದು ಮಾತ್ರ ಕೇಳಿದಳು.

ಪಂಕಜಾಕ್ಷಿ ಗೋಡೆಗೆ ಹೇಳುವ ಹಾಗೆ ಮಾತಾಡಿದಳು. "ನಾನು ಈ ಮನೆಗೆ ಬಂದ ವರ್ಷ ನನ್ನ ಅತ್ತೆ ಜಾರಿ ಬಿದ್ದು ಕಾಲು ಮುರ್ಕೊಂಡ್ರು. ಒಂದು ತಿಂಗಳು ನೀನು ನೋಡ್ಕೊ ಅಂತ ಅಡಿಗೆಕೋಣೆ ನನ್ನ ಕೈಗೆ ಕೊಟ್ರು. ಮತ್ತೆ ಅವರು ಒಳಗೆ ಬರ್ಲೇ ಇಲ್ಲ. ಸಾಯುವವರೆಗೆ ಜಗಲಿಯಲ್ಲಿ ಕೂತು ಬತ್ತಿ ಹೊಸೆದ್ರು. ಒಂದು ಹಬ್ಬಕ್ಕೂ ಯಾರೂ ಅವರನ್ನು ಒಂದು ಮಾತು ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದಳು. "ಮೂರು ತಿಂಗಳು ನಾನಿಲ್ಲದೆ ಈ ಮನೆ ನಡೆದ್ರೆ, ಮತ್ತೆ ನನಗೆ ಎಂತ ಉಂಟು ಇಲ್ಲಿ?"

ಅಶ್ಮಿತಾಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಮುಂದೆ ಬಂತು.

"ಅತ್ತೆ, ನಿಮ್ಮ ಅಡಿಗೆಕೋಣೆ ನನಗೆ ಬೇಡ. ಬೆಳಿಗ್ಗೆ ಎದ್ದು ಬಸ್ಸು ಹಿಡಿಯುವುದೇ ನನಗೆ ಸಾಕಾಗ್ತದೆ. ನೀವು ಅದನ್ನು ಹೊತ್ಕೊಂಡು ಹೋಗಿ ತೋಟದಲ್ಲಿ ಇಟ್ರೂ ನಾನು ಹುಡುಕ್ಲಿಕ್ಕೆ ಬರುವುದಿಲ್ಲ."

ಸುಜನ್ ನಕ್ಕುಬಿಟ್ಟ. ಯಾರೂ ಜೊತೆ ಕೊಡದ್ದರಿಂದ ಸುಮ್ಮನಾದ. ಹೊಸ್ತಿಲಲ್ಲಿ ಕೂತಿದ್ದ ಚೆನ್ನಯ್ಯ ಎದ್ದು ಒಳಗೆ ಬಂದ. ಹೆಂಡತಿಯ ಕೋಣೆಯಲ್ಲಿ ಕೂರುವುದು ಅವನಿಗೆ ರೂಢಿಯಿರಲಿಲ್ಲ, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತೇ ಹೇಳಿದ.

"ಈ ಸಲ ಬಿಸು ಕಣಿ ಬೇಡ. ನೀನು ಇಲ್ಲದಿದ್ರೆ ನಡೀಲಿಕ್ಕಿಲ್ಲ ಅಂತ ನನಗೂ ಗೊತ್ತುಂಟು. ನಡೆಯುವುದು ಬೇಡ. ಬಿಟ್ಟುಬಿಡುವ."

ಪಂಕಜಾಕ್ಷಿ ಗೋಡೆ ಬಿಟ್ಟು ಈಚೆ ತಿರುಗಿದಳು. ವರ್ಷದ ಮೊದಲ ದಿನ ಕಣ್ಣು ಬಿಟ್ಟಾಗ ಕಾಣಬೇಕಾದದ್ದು ಕಣಿ. ಹಣ್ಣು, ಹೂ, ಅಕ್ಕಿ, ಬಂಗಾರ, ಕನ್ನಡಿ, ದೀಪ. ಅದು ಇಲ್ಲದೆ ಒಂದು ಮನೆ ಎದ್ದೇಳುವುದು ಅಂದರೆ ಹೇಗೆ. ಬಾವಿಯ ಹಿಂದೆ ತಾನು ಬೀಜ ಹಾಕಿದ ಸೌತೆ ಕಣಿಗೆಂದೇ ಹಣ್ಣಾಗುತ್ತಿದೆ.

"ಕಣಿ ಇಲ್ಲದ ಮನೆ ಉಂಟಾ?" ಎಂದಳು.

"ಹಾಗಾದ್ರೆ ನಾನು ಇಡ್ತೇನೆ."

"ನಿಮಗೆ ಕಾಲ್ದೀಪ ಎಲ್ಲಿ ಉಂಟು ಅಂತ ಗೊತ್ತುಂಟಾ?"

ಅವನಿಗೆ ಗೊತ್ತಿರಲಿಲ್ಲ. ಹಬ್ಬಗಳ ಅರ್ಥವೆಲ್ಲ ಗೊತ್ತಿದ್ದವನಿಗೆ ದೀಪ ಯಾವ ಕಪಾಟಿನಲ್ಲಿದೆ ಎಂದು ಗೊತ್ತಿರಲಿಲ್ಲ. "ಕೇಳ್ತೇನೆ," ಎಂದ.

"ನನ್ನನ್ನು ಕೇಳ್ಬೇಕು. ಬೇರೆ ಯಾರನ್ನೂ ಅಲ್ಲ."

"ನಿನ್ನನ್ನೇ ಕೇಳ್ತೇನೆ ಮಾರಾಯ್ತಿ."

ಅಂದು ರಾತ್ರಿ ಅಶ್ಮಿತಾ ಮಾವನ ಬಟ್ಟಲಿನ ಪಕ್ಕದಲ್ಲಿ ಉಪ್ಪಿನಕಾಯಿಯ ಜಾಡಿಯನ್ನೇ ತಂದಿಟ್ಟಳು. ತಪ್ಪೊಪ್ಪಿಕೊಳ್ಳುವ ಮಾತು ಅಷ್ಟರಲ್ಲೇ ಮುಗಿಯಿತು. ಚೆನ್ನಯ್ಯ ಎರಡು ಹೋಳು ಹೆಚ್ಚೇ ಹಾಕಿಕೊಂಡ.

ಆಪರೇಷನ್ ಆಯಿತು. ಹೆದರಿದಷ್ಟು ದೊಡ್ಡದೇನೂ ಆಗಲಿಲ್ಲ, ಆದರೆ ಪಂಕಜಾಕ್ಷಿ ತುಂಬ ಬಸವಳಿದಳು. ಇಷ್ಟು ವರ್ಷದ ದಣಿವೆಲ್ಲ ಹೊರಗೆ ಬರಲು ಹಾಸಿಗೆಯೊಂದು ಸಿಗಲೆಂದು ಕಾದಿದ್ದ ಹಾಗೆ, ಹಗಲೂ ರಾತ್ರಿ ನಿದ್ದೆ ಮಾಡಿದಳು. ನರ್ಸು ಎಬ್ಬಿಸಿ ಮಾತ್ರೆ ಕೊಟ್ಟರೆ ನುಂಗಿ ಮತ್ತೆ ನಿದ್ದೆ. ನೋಡಲು ಬಂದ ಚೆನ್ನಯ್ಯ ಸ್ಟೂಲಿನಲ್ಲಿ ಕೂತು ಅವಳು ಏಳುವುದನ್ನು ಕಾಯುತ್ತಿದ್ದ. ಏಳದಿದ್ದರೆ ಕಿತ್ತಳೆ ಹಣ್ಣು ಇಟ್ಟು ಹೋಗುತ್ತಿದ್ದ. ಮನೆಯಲ್ಲಿ ಅನ್ನ ತಳಹಿಡಿಯಿತು, ಹಾಲು ಉಕ್ಕಿತು, ತೃಷಾಳ ಜಡೆ ಎರಡು ದಿನ ಹಾಗೆಯೇ ಇತ್ತು. ಸುಜನ್ ಮೊದಲ ಬಾರಿಗೆ ಬಟ್ಟೆ ಒಗೆದ, ಅವನ ಬಿಳಿ ಅಂಗಿ ತೃಷಾಳ ಲಂಗದ ಬಣ್ಣ ಹಿಡಿಯಿತು. ಅಂತೂ ನಡೆಯಿತು. ಚೆನ್ನಾಗಿ ನಡೆಯಿತೆಂದು ಯಾರೂ ಹೇಳುವ ಹಾಗಿರಲಿಲ್ಲ.

ಬಿಸುವಿನ ಮುಂಚಿನ ದಿನ ಮಧ್ಯಾಹ್ನ ಅವಳನ್ನು ಮನೆಗೆ ಕರೆತಂದರು. ಒಳಗೆ ಕಾಲಿಡುವಾಗಲೇ ಅಡಿಗೆಕೋಣೆಯ ಕಡೆ ತಿರುಗಿದವಳನ್ನು ಅಶ್ಮಿತಾ ಹೆಗಲು ಹಿಡಿದು ಮಂಚದ ಕಡೆ ತಿರುಗಿಸಿದಳು. ಮಲಗಿದಲ್ಲಿಂದಲೇ ಅವಳಿಗೆ ಮನೆ ಕೇಳಿಸುತ್ತಿತ್ತು. ಯಾವ ಪಾತ್ರೆಯ ಶಬ್ದ ಯಾವುದೆಂದು ಅವಳಿಗೆ ಗೊತ್ತು. ಕಡುಬಿಗೆ ಹಿಟ್ಟು ರುಬ್ಬಿದ್ದು ಸಾಲದು, ಇನ್ನೊಂದು ಸುತ್ತು ಬೇಕು ಎಂದು ಶಬ್ದದಲ್ಲೇ ತಿಳಿಯಿತು. ಬಾಯಿಬಿಡಲಿಲ್ಲ.

ಸಂಜೆಯಿಂದ ಚೆನ್ನಯ್ಯನ ಮೆರವಣಿಗೆ ಸುರುವಾಯಿತು. ಕಾಲ್ದೀಪ ಎಲ್ಲಿ. ಕಪಾಟಿನ ಕೆಳಗಿನ ಅಂಕಣ, ಹಳೆ ಸೀರೆ ಸುತ್ತಿ ಇಟ್ಟಿದ್ದೇನೆ. ಹೋದ, ಬಂದ. ಉಜ್ಜುವುದು ಯಾವುದರಲ್ಲಿ. ಹುಣಸೆಹುಳಿ. ಹುಣಸೆಹುಳಿ ಎಲ್ಲಿ. ಕರಿ ಭರಣಿ. ಅಕ್ಕಿ ಬೆಳ್ತಿಗೆಯಾ ಕುಚ್ಚಿಲಾ. ಬೆಳ್ತಿಗೆ. ತೆಂಗಿನಕಾಯಿ ಸುಲಿದದ್ದಾ. ಕೊನ್ನೆ ಹೂ ನೀರಲ್ಲಿ ಹಾಕಿಡಬೇಕಾ. ಮಗುವಿನ ಹಾಗೆ ಒಂದೊಂದಕ್ಕೂ ಬಾಗಿಲಿಗೆ ಬಂದು ನಿಂತ. ಇದರಲ್ಲಿ ಅರ್ಧಕ್ಕರ್ಧ ಅಶ್ಮಿತಾಳಿಗೆ ಗೊತ್ತಿದ್ದದ್ದೇ. ಆದರೆ ಅವನು ಅಡಿಗೆಕೋಣೆಯಲ್ಲಿ ಏನು ಕೇಳಿದರೂ ಅವಳು ಹೇಳುತ್ತಿದ್ದದ್ದು ಒಂದೇ ಮಾತು, ಅತ್ತೆಯನ್ನು ಕೇಳಿ. ಅದು ಮಂಚದವರೆಗೂ ಕೇಳಿಸುತ್ತಿತ್ತು. ಮೊದಮೊದಲು ಪಂಕಜಾಕ್ಷಿಗೆ ಹಿತವೆನ್ನಿಸಿತು. ಆಮೇಲೆ ಸುಸ್ತಾಯಿತು.

ಕಣಿಗೆ ಇಡುವ ಹೊಸ ಬಟ್ಟೆ ತರಲು ಸುಜನ್‌ಗೆ ಮರೆತಿತ್ತು. ಆಸ್ಪತ್ರೆಗೆಂದು ಕೊಂಡು ಉಡದೆ ಉಳಿದ ನೈಟಿ ಇದೆ, ಅದನ್ನು ಇಡಬಹುದಾ ಎಂದು ಕೇಳಿಸಿದ. ಕಣಿಗೆ ನೈಟಿ. ಪಂಕಜಾಕ್ಷಿ ಕಣ್ಣುಮುಚ್ಚಿ, ಇಡಲಿ ಎಂದಳು.

ಕಡೆಗೆ ಚೆನ್ನಯ್ಯ ಇನ್ನೊಮ್ಮೆ ಬಂದು ನಿಂತ. ಈ ಬಾರಿ ಕೈಯಲ್ಲಿ ಏನೂ ಇರಲಿಲ್ಲ.

"ಇಷ್ಟು ವರ್ಷ ನೀನು ನಮ್ಮನ್ನೆಲ್ಲ ಕಣ್ಣುಮುಚ್ಚಿ ಕರ್ಕೊಂಡು ಹೋಗಿ ಕಣಿ ತೋರಿಸಿದ್ದು. ನಿನಗೆ ಯಾರು ತೋರಿಸ್ತಿದ್ದದ್ದು?"

"ಯಾರು ತೋರಿಸ್ಲಿಕ್ಕೆ? ಇಟ್ಟವಳು ನಾನೇ ಅಲ್ವಾ."

ಚೆನ್ನಯ್ಯ ದೀಪ ಆರಿಸಿ ಹೊರಟುಹೋದ. ಅವಳು ಸುಮ್ಮನೆ ಹೇಳಿದ ಮಾತು ಅದು, ದೂರು ಇರಲಿಲ್ಲ. ಹೇಳಿದ ಮೇಲೆ ಅವಳಿಗೇ ಯೋಚನೆ ಹತ್ತಿತು. ಬಾಯಾರಿನ ತವರು ಮನೆಯಲ್ಲಿ ಅಮ್ಮ ತೋರಿಸುತ್ತಿದ್ದಳು, ಅಮ್ಮನ ಕೈಯಿಂದ ಹಸಿ ಅರಸಿನದ ವಾಸನೆ ಬರುತ್ತಿತ್ತು. ಮದುವೆಯಾಗಿ ಬಂದ ಮೇಲೆ ಅವಳು ಕಂಡದ್ದೆಲ್ಲ ತಾನೇ ಇಟ್ಟ ಕಣಿ. ಸೌತೆ ಉರುಳಿದ್ದು, ಬತ್ತಿ ಸಣ್ಣದಾದದ್ದು, ಮುಂದೆ ಯಾರನ್ನು ಎಬ್ಬಿಸಬೇಕು ಎನ್ನುವುದೇ ಅವಳ ಕಣ್ಣಿಗೆ ಬೀಳುತ್ತಿತ್ತು. ಇದನ್ನು ಇಷ್ಟು ವರ್ಷ ಒಮ್ಮೆಯೂ ಯೋಚಿಸದೆ ಇದ್ದದ್ದು ಅವಳಿಗೆ ಆಶ್ಚರ್ಯವಾಯಿತು, ಬೇಸರವೂ ಆಯಿತು.

ಬೆಳಕು ಹರಿಯುವ ಮೊದಲೇ ಮನೆ ಎದ್ದಿತ್ತು. ಕತ್ತಲಲ್ಲಿ ಯಾರದೋ ಕಾಲು ಹಿತ್ತಾಳೆಯ ತಂಬಿಗೆಗೆ ತಾಗಿ ಅದು ಉರುಳಿತು, ಯಾ ದೇವರೇ ಎಂದು ಚೆನ್ನಯ್ಯನ ಸ್ವರ ಕೇಳಿತು, ತೃಷಾ ನಗುವುದನ್ನು ಯಾರೋ ತಡೆದರು. ಬೆಂಕಿಕಡ್ಡಿ ಗೀರಿದ ಶಬ್ದ, ಒಂದು, ಮತ್ತೊಂದು. ಕಡ್ಡಿ ಒದ್ದೆಯಾಗಿರಬೇಕು. ಆಮೇಲೆ ಎರಡು ಕೈಗಳು ಬಂದು ಅವಳ ಕಣ್ಣು ಮುಚ್ಚಿದವು. ದೊಡ್ಡ, ಒರಟು ಕೈಗಳು. ಸ್ಟಿಯರಿಂಗು ಹಿಡಿದು ತೊಗಲು ಗಟ್ಟಿಯಾದವು. ಹುಣಸೆಹುಳಿಯ ವಾಸನೆ ಇನ್ನೂ ಹೋಗಿರಲಿಲ್ಲ.

"ಏಳು. ಮೆಲ್ಲ."

ಅಶ್ಮಿತಾ ಒಂದು ಬದಿಯಿಂದ ತೋಳು ಹಿಡಿದಳು. ಮಂಚದಿಂದ ಚಾವಡಿಯವರೆಗಿನ ದಾರಿ ಅವಳಿಗೆ ಕಣ್ಣುಮುಚ್ಚಿದರೂ ಗೊತ್ತಿರಬೇಕಿತ್ತು, ಆದರೂ ಬೇರೆಯವರ ಕೈಯಲ್ಲಿ ನಡೆಯುವಾಗ ಅದು ಬೇರೆ ದಾರಿಯ ಹಾಗೆ ತೋರಿತು. ಎಲ್ಲಿ ಹೊಸ್ತಿಲು ಬರುತ್ತದೋ ತಿಳಿಯಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ. ಕಾಲೆತ್ತು ಎಂದಾಗ ಎತ್ತಿದಳು, ಇಡು ಎಂದಾಗ ಇಟ್ಟಳು. ಕುರ್ಚಿಯಲ್ಲಿ ಕೂರಿಸಿದರು. ಮುಖಕ್ಕೆ ದೀಪದ ಬಿಸಿ ತಾಗಿತು. ಹಲಸಿನ ಹಣ್ಣಿನ ವಾಸನೆ ಜೋರಾಗಿತ್ತು, ಒಂದು ದಿನ ಹೆಚ್ಚೇ ಹಣ್ಣಾಗಿತ್ತು. ಊದುಬತ್ತಿ ಹಚ್ಚಲು ಮರೆತಿದ್ದರು. ಬತ್ತಿ ಚಟಚಟ ಎನ್ನುತ್ತಿತ್ತು, ಎಣ್ಣೆಗೆ ನೀರು ಸೇರಿದೆ. ಕನ್ನಡಿ ಇಟ್ಟಿದ್ದಾರೋ ಇಲ್ಲವೋ.

ಕೈಗಳು ಕಣ್ಣಿನಿಂದ ಸರಿದವು.

"ಈಗ ಕಣ್ಣು ಬಿಡು," ಎಂದ ಚೆನ್ನಯ್ಯ. ಅವನ ಸ್ವರದಲ್ಲಿ ಹೆದರಿಕೆ ಇತ್ತು. ಏನು ತಪ್ಪಿದೆ ಎಂದು ಅವಳು ಒಂದೇ ನೋಟಕ್ಕೆ ಹೇಳುತ್ತಾಳೆಂದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಕಣ್ಣು ಬಿಟ್ಟರೆ ಬತ್ತಿ ಸರಿಮಾಡಲು ಕೈ ಮುಂದೆ ಹೋಗುತ್ತದೆ.

ಅವಳು ಬಿಡಲಿಲ್ಲ.

"ಅಜ್ಜಿ, ಕಣಿ ನೋಡು," ಎಂದಳು ತೃಷಾ. ಸುಜನ್ ಕೆಮ್ಮಿದ. ನೋವಾಗುತ್ತಿದೆಯಾ ಎಂದು ಅಶ್ಮಿತಾ ಬಗ್ಗಿ ಕೇಳಿದಳು.

"ಎಂತದೂ ಇಲ್ಲ," ಎಂದಳು ಪಂಕಜಾಕ್ಷಿ. "ಸ್ವಲ್ಪ ಹೊತ್ತು ಹೀಗೇ ಇರ್ತೇನೆ."

ಕುರ್ಚಿಗೆ ಬೆನ್ನು ಕೊಟ್ಟಳು. ಮುಚ್ಚಿದ ರೆಪ್ಪೆಯ ಆಚೆ ದೀಪದ ಬೆಳಕು ಕೆಂಪಗೆ ಅಲ್ಲಾಡುತ್ತಿತ್ತು. ಸುತ್ತಲೂ ಎಲ್ಲರೂ ನಿಂತು ಅವಳು ಕಣ್ಣು ಬಿಡುವುದನ್ನು ಕಾಯುತ್ತಿದ್ದರು. ಕಾಯಲಿ ಎಂದುಕೊಂಡಳು.